ಫ್ಲೂ ಲಸಿಕೆ ಹಾಕಿಸಿಕೊಂಡು ವಾರಗಳಾದರೂ ಭುಜದ ನೋವು ಹೋಗಿಲ್ಲವೇ? ಏನು ಮಾಡಬೇಕು, ಯಾವಾಗ ಮಾಡಬೇಕು

ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ರಟ್ಟೆ ನೋಯುವುದು ಸಹಜ. ಚುಚ್ಚಿದ ಕೆಲವು ಗಂಟೆಗಳಲ್ಲಿ ಶುರುವಾಗುತ್ತದೆ, ಮರುದಿನ ಸ್ವಲ್ಪ ಜೋರಾಗುತ್ತದೆ, ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಇದು ಸ್ನಾಯುವಿನ ನೋವು. ಚುಚ್ಚಿದ ಜಾಗ ಒತ್ತಿದರೆ ನೋಯುತ್ತದೆ, ಆದರೂ ಕೈ ಪೂರ್ತಿ ಮೇಲೆ ಹೋಗುತ್ತದೆ.

ಇನ್ನೊಂದು ಬಗೆಯ ನೋವಿದೆ. ವಾರ ಕಳೆದರೂ ಇಳಿಯುವುದಿಲ್ಲ. ಅಂಗಿ ತೊಡುವಾಗ, ತಲೆ ಬಾಚುವಾಗ, ಅಟ್ಟದಿಂದ ಡಬ್ಬಿ ತೆಗೆಯುವಾಗ ಭುಜದ ಒಳಗೆ ಚಳಕ್ ಎನ್ನುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಇದನ್ನು ‘ಲಸಿಕೆ ಅಂದಮೇಲೆ ನೋವು ಇದ್ದದ್ದೇ’ ಎಂದು ತಳ್ಳಿಹಾಕುತ್ತಾ ಎರಡು ಮೂರು ತಿಂಗಳು ಕಳೆಯುವವರೇ ಹೆಚ್ಚು. ಅಷ್ಟರಲ್ಲಿ ಭುಜ ಬಿಗಿದುಕೊಂಡಿರುತ್ತದೆ. ಮೊದಲ ಎರಡು ಮೂರು ವಾರದಲ್ಲಿ ಮಾಡುವ ಸಣ್ಣ ಕೆಲಸಗಳು ಆಮೇಲಿನ ಎಷ್ಟೋ ತಿಂಗಳ ಕಷ್ಟವನ್ನು ತಪ್ಪಿಸಬಲ್ಲವು.

ಒಳಗೆ ಆಗಿರುವುದೇನು

ಭುಜದ ತುದಿಯಲ್ಲಿ ಬೆರಳಾಡಿಸಿದರೆ ಎಲುಬಿನ ಗಟ್ಟಿ ಅಂಚು ಸಿಗುತ್ತದೆ. ಅದು ಅಕ್ರೋಮಿಯನ್. ಅದರಡಿಯಿಂದ ಹೊರಟು ಭುಜವನ್ನು ಹೊರಗಿನಿಂದ ಹೊದ್ದಿರುವ ಡೆಲ್ಟಾಯ್ಡ್ ಸ್ನಾಯುವಿನ ಕೆಳಗೆ ಹರಡಿಕೊಂಡ ತೆಳುವಾದ ಚೀಲವೊಂದಿದೆ, ಬರ್ಸಾ ಎಂದು ಅದರ ಹೆಸರು. ಕೈ ಎತ್ತಿ ಇಳಿಸುವಾಗ ಎಲುಬೂ ಸ್ನಾಯುರಜ್ಜುಗಳೂ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು) ಒಂದಕ್ಕೊಂದು ಉಜ್ಜದಂತೆ ಕಾಯುವುದು ಅದರ ಕೆಲಸ. ಅಕ್ರೋಮಿಯನ್ ಅಂಚಿನಿಂದ ಕೆಳಕ್ಕೆ 3ರಿಂದ 6 ಸೆಂ.ಮೀ.ವರೆಗೆ ಈ ಚೀಲ ಇಳಿದಿರಬಹುದು, ಒಬ್ಬೊಬ್ಬರಲ್ಲಿ ಒಂದೊಂದು ಅಳತೆ.

ಲಸಿಕೆ ಹೋಗಬೇಕಾದದ್ದು ಡೆಲ್ಟಾಯ್ಡ್ ಸ್ನಾಯುವಿನ ದಪ್ಪ ಭಾಗಕ್ಕೆ: ಅಕ್ರೋಮಿಯನ್‌ನಿಂದ ಎರಡು ಮೂರು ಬೆರಳಗಲ ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ರಟ್ಟೆಯ ಹೊರಬದಿಯ ನಡುವೆ, ಚರ್ಮಕ್ಕೆ 90 ಡಿಗ್ರಿ ನೇರವಾಗಿ. ಸೂಜಿ ಇದಕ್ಕಿಂತ ಮೇಲೆ ಇಳಿದರೆ 0.5 ಮಿ.ಲೀ. ಔಷಧ ಸ್ನಾಯುವಿನ ಬದಲು ಬರ್ಸಾಕ್ಕೋ ರಜ್ಜುವಿಗೋ ಕೀಲಿಗೋ ಸೇರಬಹುದು. ದೇಹದ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಲೆಂದೇ ಮಾಡಿದ ಔಷಧ ಅದು. ರಕ್ತ ಚೆನ್ನಾಗಿ ಹರಿಯುವ ಸ್ನಾಯುವಿನಲ್ಲಿ ಅದರಿಂದೇಳುವ ಉರಿಯೂತ ಬೇಗ ಶಮನವಾಗುತ್ತದೆ. ಇಕ್ಕಟ್ಟಾದ ಬರ್ಸಾದೊಳಗೆ ಅದು ವಾರಗಟ್ಟಲೆ ಉಳಿದುಬಿಡುತ್ತದೆ. ತೆಳ್ಳಗಿನ ತೋಳಿಗೆ ಉದ್ದ ಸೂಜಿ ಬಳಸಿದಾಗ ಅಪಾಯ ಇನ್ನೂ ಹೆಚ್ಚು. ವಯಸ್ಕರಿಗೆ ಸಾಮಾನ್ಯವಾಗಿ ಬಳಸುವುದು 25 ಮಿ.ಮೀ. ಸೂಜಿ. 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಚರ್ಮವನ್ನು ಬಿಗಿಯಾಗಿ ಹಿಡಿದು ಚುಚ್ಚುವುದಾದರೆ 16 ಮಿ.ಮೀ. ಸಾಕಾಗುತ್ತದೆ.

ವೈದ್ಯರು ಇದನ್ನು ‘ಸಿರ್ವಾ’ ಎನ್ನುತ್ತಾರೆ, ಅಂದರೆ ಲಸಿಕೆ ಚುಚ್ಚುವಾಗ ಭುಜಕ್ಕಾಗುವ ಪೆಟ್ಟು. ಅಮೆರಿಕದಲ್ಲಿ 13 ಪ್ರಕರಣಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯಿಂದ ಈ ಹೆಸರು ಬಳಕೆಗೆ ಬಂತು. ಆ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ನೋವು 24 ಗಂಟೆಯೊಳಗೇ ಶುರುವಾಗಿತ್ತು. ಇಲ್ಲಿ ದೋಷ ಇರುವುದು ಸೂಜಿ ಇಳಿದ ಜಾಗದಲ್ಲಿ, ಲಸಿಕೆಯಲ್ಲಲ್ಲ. ಹೀಗಾಗುವುದು ಅಪರೂಪ. ಆದರೆ ಆದವರಿಗೆ ನೋವು ನಿಜ, ‘ನಿಮ್ಮ ಭ್ರಮೆ’ ಎಂದು ಯಾರಾದರೂ ಅಂದರೆ ಒಪ್ಪಬೇಕಿಲ್ಲ.

ಮೊದಲ ಕೆಲಸ: ಬರೆದಿಡಿ, ಫೋಟೊ ತೆಗೆಯಿರಿ

ಸೂಜಿಯ ಗುರುತು ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಅದು ಕಾಣುತ್ತಿರುವಾಗಲೇ ಅಕ್ರೋಮಿಯನ್ ಅಂಚಿನಿಂದ ಆ ಚುಕ್ಕೆಯವರೆಗೆ ಟೇಲರ್ ಟೇಪು ಹಿಡಿದು, ಟೇಪೂ ಭುಜವೂ ಕಾಣುವಂತೆ ಮನೆಯವರಿಂದ ಒಂದು ಫೋಟೊ ತೆಗೆಸಿ. ಗುರುತು ಹೋಗಿದ್ದರೆ ಚುಚ್ಚಿದ ಜಾಗ ನೆನಪಿರುವಷ್ಟನ್ನು ಬರೆದಿಡಿ. ದಿನಾಂಕ, ಹೊತ್ತು, ಎಡವೋ ಬಲವೋ, ಲಸಿಕೆಯ ಹೆಸರು, ಬ್ಯಾಚ್ ನಂಬರು, ಎಲ್ಲಿ ಹಾಕಿಸಿಕೊಂಡಿರಿ, ಕುಳಿತಿದ್ದಿರೋ ನಿಂತಿದ್ದಿರೋ, ನೋವು ಎಷ್ಟು ಗಂಟೆಯ ನಂತರ ಶುರುವಾಯಿತು, ಎಲ್ಲವೂ ಬೇಕು. ಬ್ಯಾಚ್ ನಂಬರು ಕಾರ್ಡಿನಲ್ಲಿ ಇಲ್ಲದಿದ್ದರೆ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಇರುತ್ತದೆ, ತಡಮಾಡದೆ ಹೋಗಿ ಕೇಳಿ.

ಈ ಹಿಂದೆ ಅದೇ ಭುಜದಲ್ಲಿ ನೋವಿತ್ತೇ ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಹಳೆಯ ನೋವು ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಮೂರು ಪರೀಕ್ಷೆ

ಕನ್ನಡಿಯ ಮುಂದೆ ನಿಲ್ಲಿ. ಪ್ರತಿ ಸಲವೂ ನೋವಿಲ್ಲದ ಕೈಯನ್ನು ಮೊದಲು ಆಡಿಸಿ, ನಿಮ್ಮ ಅಳತೆಗೋಲು ಅದೇ.

1. ಎರಡೂ ಕೈಗಳನ್ನು ಪಕ್ಕದಿಂದ ನಿಧಾನವಾಗಿ ಮೇಲಕ್ಕೆತ್ತಿ. ಸೊಂಟದ ಮಟ್ಟ ದಾಟಿದ ಮೇಲೆ ನೋವು ಶುರುವಾಗಿ, ಭುಜದ ಮಟ್ಟದ ಆಸುಪಾಸಿನಲ್ಲಿ ಜೋರಾಗಿ, ಇನ್ನೂ ಮೇಲೆ ಹೋದಾಗ ಕಡಿಮೆಯಾದರೆ ಬರ್ಸಾ ಅಥವಾ ರಜ್ಜು ಕೆರಳಿದೆ ಎಂದು ಊಹಿಸಬಹುದು.

2. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ಆಮೇಲೆ ಮನೆಯವರು ಅದೇ ಕೈಯನ್ನು ಮೆಲ್ಲಗೆ ಇನ್ನಷ್ಟು ಹೊರಕ್ಕೆ ತಿರುಗಿಸಿ ನೋಡಲಿ.

3. ಹಿಂದಕ್ಕೆ ಕೈ ಹಾಕಿ ಹೆಬ್ಬೆರಳನ್ನು ಬೆನ್ನ ಮೇಲೆ ಎಲ್ಲಿವರೆಗೆ ಒಯ್ಯಬಹುದು ನೋಡಿ: ಪ್ಯಾಂಟಿನ ಪಟ್ಟಿಯವರೆಗೋ, ಬ್ರಾ ಹುಕ್ಕಿನವರೆಗೋ. ಅದನ್ನೂ ಬರೆದಿಡಿ.

ಎರಡನೆಯದು ಬಹಳ ಮುಖ್ಯ. ನೀವು ತಿರುಗಿಸಿದರೆ ಹೋಗದ ಕೈ ಬೇರೆಯವರು ತಿರುಗಿಸಿದಾಗ ಹೋಗುತ್ತದೆ ಎಂದರೆ ಕೀಲು ಇನ್ನೂ ಸಡಿಲವಾಗಿದೆ, ಸಮಸ್ಯೆ ನೋವಿನದು ಅಥವಾ ಬಲದ್ದು. ಬೇರೆಯವರು ತಿರುಗಿಸಿದರೂ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟರೆ ಕೀಲಿನ ಹೊದಿಕೆ ಬಿಗಿಯತೊಡಗಿದೆ, ಅಂದರೆ ಫ್ರೋಜನ್ ಶೋಲ್ಡರ್ ಶುರುವಾಗುತ್ತಿದೆ. ಹಾಗಿದ್ದರೆ ಕಾಯಬೇಡಿ, ಅದೇ ವಾರ ಮೂಳೆ ತಜ್ಞರನ್ನು ಕಾಣಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರು, ಅದರಲ್ಲೂ 40ರಿಂದ 60ರ ನಡುವಿನ ಹೆಂಗಸರು ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಿಕೊಳ್ಳಲೇಬೇಕು. ಭುಜ ಬಿಗಿಯುವುದು ಇವರಲ್ಲೇ ಹೆಚ್ಚು.

ಇವು ಕಂಡರೆ ಮನೆಮದ್ದು ಬೇಡ

ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ, ದವಡೆಗೆ ಹಬ್ಬುವ ನೋವು ಇದ್ದರೆ ಲಸಿಕೆಯನ್ನು ಮರೆತು 108ಕ್ಕೆ ಕರೆಮಾಡಿ. ಲಸಿಕೆಯ ನೋವೆಂದು ಹೃದಯಾಘಾತವನ್ನು ಕಡೆಗಣಿಸಬಾರದು.

ಚುಚ್ಚಿದ ಜಾಗದಲ್ಲಿ ಕೆಂಪು ದಿನೇದಿನೇ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದು ಜ್ವರವೂ ಬಂದರೆ, ಕೀವು ತುಂಬಿದ ಬಾವು ಕಂಡರೆ ಅದು ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಣಿಕಟ್ಟು ಜೋತುಬಿದ್ದು ಎತ್ತಲಾಗದಿದ್ದರೆ, ಹೆಬ್ಬೆರಳಿನ ಹಿಂಬದಿ ಮರಗಟ್ಟಿದ್ದರೆ ರೇಡಿಯಲ್ ನರಕ್ಕೆ ಪೆಟ್ಟಾಗಿರಬಹುದು. ಸೂಜಿ ತೀರಾ ಕೆಳಗೆ ಅಥವಾ ಹಿಂಬದಿಗೆ ಇಳಿದಾಗ ಹೀಗಾಗುತ್ತದೆ. ಚುಚ್ಚುವಾಗಲೇ ಕೈಯುದ್ದಕ್ಕೂ ಕರೆಂಟು ಹೊಡೆದ ಅನುಭವವಾಗಿದ್ದರೆ ಅದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಇನ್ನೊಂದು ಅಪರೂಪದ ತೊಂದರೆಯಲ್ಲಿ, ಲಸಿಕೆಯಾಗಿ ಕೆಲವು ದಿನ ಅಥವಾ ಕೆಲವು ವಾರದ ನಂತರ, ತಡೆಯಲಾರದ ಉರಿನೋವು ಬಂದು, ಅದು ಇಳಿಯುತ್ತಿದ್ದಂತೆ ಕೈ ಸೋಲತೊಡಗುತ್ತದೆ, ಭುಜದ ಮಾಂಸ ಕರಗುತ್ತದೆ. ಇದು ನರಗಳ ಉರಿಯೂತ, ನರರೋಗ ತಜ್ಞರು ನೋಡಬೇಕಾದದ್ದು. ಕತ್ತು ಹೊರಳಿಸಿದಾಗ ನೋವು ಬೆರಳಿನವರೆಗೆ ಇಳಿದರೆ ಮೂಲ ಕುತ್ತಿಗೆಯಲ್ಲಿರಬಹುದು.

ಮೊದಲ ಎರಡು ವಾರ

ಮೊದಲ 48 ಗಂಟೆ ತಣ್ಣನೆಯ ಶಾಖ: ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಆಮೇಲೆ ಬಿಗಿತವೇ ಹೆಚ್ಚಿದ್ದರೆ ಬಿಸಿನೀರಿನ ಚೀಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರು ಬಿಸಿಯನ್ನು ಇನ್ನೊಂದು ಕೈಯಲ್ಲಿ ಪರೀಕ್ಷಿಸಿಯೇ ಇಡಬೇಕು.

ನೋವಿಗೆ ಪ್ಯಾರಸಿಟಮಾಲ್ 650 ಮಿ.ಗ್ರಾಂ. ಮಾತ್ರೆ, ಕನಿಷ್ಠ ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಯಕೃತ್ತಿನ ತೊಂದರೆ ಇರುವವರು, ಮದ್ಯ ಸೇವಿಸುವವರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ಬರ್ಸಾದ ಉರಿಯೂತಕ್ಕೆ ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಹೆಚ್ಚು ಕೆಲಸ ಮಾಡುತ್ತವೆ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಲೇಬಾರದು. ನಮ್ಮಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಮೆಡಿಕಲ್ ಶಾಪಿನಲ್ಲಿ ‘ಕೈನೋವಿಗೆ ಮಾತ್ರೆ’ ಎಂದರೆ ಕೊಡುವುದು ಸಾಮಾನ್ಯವಾಗಿ ಎರಡು ಔಷಧ ಸೇರಿದ ಮಾತ್ರೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ 400 ಮಿ.ಗ್ರಾಂ. ಜೊತೆ ಪ್ಯಾರಸಿಟಮಾಲ್ 325 ಮಿ.ಗ್ರಾಂ. ಇದೆ. ಅದರ ಮೇಲೆ ಡೋಲೋ ಬೇರೆ ನುಂಗಿದರೆ ಪ್ಯಾರಸಿಟಮಾಲ್ ಎರಡು ಕಡೆಯಿಂದ ಸೇರುತ್ತದೆ. ಸ್ಟ್ರಿಪ್ಪಿನ ಹಿಂಬದಿ ಓದಿ, ಲೆಕ್ಕ ಹಾಕಿ.

ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿ ಇಡಬೇಡಿ. ಆರಾಮ ಸಿಗುತ್ತದೆ ನಿಜ, ಆದರೆ ಆಡಿಸದ ಭುಜ ಬೇಗ ಬಿಗಿಯುತ್ತದೆ. ಭಾರ ಎತ್ತುವುದು, ತಲೆಯ ಮೇಲೆ ಕೈ ಚಾಚಿ ಮಾಡುವ ಕೆಲಸ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವುದು ಬೇಡ. ಉಳಿದ ದಿನನಿತ್ಯದ ಕೆಲಸಕ್ಕೆ ಆ ಕೈಯನ್ನೇ ಬಳಸಿ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ತೊಂದರೆಯಿಲ್ಲ. ಆದರೆ ಚುಚ್ಚಿದ ಜಾಗವನ್ನು ಗಟ್ಟಿಯಾಗಿ ತಿಕ್ಕುವುದು, ‘ಉಳುಕು ತೆಗೆಸುತ್ತೇನೆ’ ಎಂದು ಯಾರ ಕೈಗೋ ಕೊಟ್ಟು ಜಗ್ಗಿಸುವುದು ಖಂಡಿತ ಬೇಡ. ಉರಿಯೂತವಿರುವ ರಜ್ಜು ಹರಿಯಬಹುದು.

ಮಲಗುವಾಗ ಅಂಗಾತ ಮಲಗಿ, ಮಡಚಿದ ಬೆಡ್‌ಶೀಟನ್ನು ಮೊಣಕೈಯ ಕೆಳಗೆ ಇಟ್ಟುಕೊಳ್ಳಿ. ತೋಳು ಹಿಂದಕ್ಕೆ ಜಾರದಿದ್ದರೆ ನೋವು ಅರ್ಧಕ್ಕರ್ಧ ಕಡಿಮೆ ಅನ್ನಿಸುತ್ತದೆ. ಮಗ್ಗುಲಾಗಲೇಬೇಕಿದ್ದರೆ ನೋವಿಲ್ಲದ ಕಡೆಗೆ ಹೊರಳಿ, ಎದೆಗೆ ದಿಂಬು ಅಪ್ಪಿ ಅದರ ಮೇಲೆ ನೋಯುವ ಕೈ ಇಡಿ. ಬಟ್ಟೆ ಹಾಕುವಾಗ ನೋಯುವ ಕೈ ಮೊದಲು ತೋಳಿಗೆ, ಬಿಚ್ಚುವಾಗ ಅದೇ ಕೊನೆಗೆ.

ವ್ಯಾಯಾಮ: ನಿಜವಾದ ಮದ್ದು

ನೋವು ಸ್ವಲ್ಪ ತಗ್ಗಿದ ದಿನದಿಂದಲೇ ಶುರುಮಾಡಿ. ಸಾಧ್ಯವಾದರೆ ಮೊದಲ ಒಂದೆರಡು ಸಲ ಫಿಜಿಯೋಥೆರಪಿಸ್ಟ್ ಎದುರಿನಲ್ಲಿ ಮಾಡಿ, ಭುಜವನ್ನು ಕಿವಿಯ ಕಡೆಗೆ ಕುಗ್ಗಿಸಿಕೊಂಡು ಮಾಡುವ ತಪ್ಪನ್ನು ಅವರು ಕೂಡಲೇ ಹಿಡಿಯುತ್ತಾರೆ. ಮಾಡುವ ಮೊದಲು 10 ನಿಮಿಷ ಬಿಸಿ ಶಾಖ ಕೊಟ್ಟರೆ ಕೀಲು ಸಡಿಲವಾಗುತ್ತದೆ.

ಮೊದಲನೆಯದು ಲೋಲಕ. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಬಾಗಿ, ನೋಯುವ ಕೈಯನ್ನು ನೆಲದ ಕಡೆಗೆ ಸುಮ್ಮನೆ ತೂಗಬಿಡಿ. ಕೈಯಿಂದ ತಿರುಗಿಸುವುದಲ್ಲ, ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನಾಗಿ ಊಟದ ತಟ್ಟೆಯಗಲದ ವೃತ್ತದಲ್ಲಿ ಸುತ್ತಬೇಕು. ಬಲಕ್ಕೆ 10, ಎಡಕ್ಕೆ 10, ದಿನಕ್ಕೆ ಮೂರು ಬಾರಿ. ತಲೆಸುತ್ತು ಬರುವವರು ಮಂಚದ ಅಂಚಿನಲ್ಲಿ ಬೋರಲಾಗಿ ಮಲಗಿ ಕೈ ಇಳಿಬಿಡಬಹುದು.

ಎರಡನೆಯದು ಮೇಜಿನ ಮೇಲೆ ಜಾರಿಸುವುದು. ಕುರ್ಚಿಯಲ್ಲಿ ಕುಳಿತು, ಅಂಗೈ ಕೆಳಗೆ ಟವೆಲ್ ಇಟ್ಟು, ಸೆಳೆತ ತಿಳಿಯುವವರೆಗೆ ಮುಂದಕ್ಕೆ ಜಾರಿಸಿ. ಐದು ಸೆಕೆಂಡು ನಿಲ್ಲಿಸಿ, ಹಿಂದಕ್ಕೆ ಬನ್ನಿ. ಹತ್ತು ಸಲ.

ಹೊರಕ್ಕೆ ತಿರುಗಿಸುವ ವ್ಯಾಯಾಮವನ್ನು ಯಾವ ಕಾರಣಕ್ಕೂ ಬಿಡಬೇಡಿ, ಭುಜ ಬಿಗಿಯುವಾಗ ಮೊದಲು ಕಳೆದುಹೋಗುವ ಚಲನೆ ಅದೇ. ಮಡಚಿದ ಕರವಸ್ತ್ರವನ್ನು ಮೊಣಕೈ ಮತ್ತು ಪಕ್ಕೆಯ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಛತ್ರಿಯನ್ನು ಅಡ್ಡಲಾಗಿ ಹಿಡಿಯಿರಿ. ಒಳ್ಳೆಯ ಕೈಯಿಂದ ಛತ್ರಿ ತಳ್ಳುತ್ತಾ ನೋಯುವ ಕೈಯ ಮುಂಗೈಯನ್ನು ಹೊರಕ್ಕೆ ಒಯ್ಯಿರಿ. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ಕರವಸ್ತ್ರ ಕೆಳಗೆ ಬಿದ್ದರೆ ಮೊಣಕೈ ಪಕ್ಕೆಯಿಂದ ದೂರ ಸರಿದಿದೆ, ತಿರುಗಿದ್ದು ಭುಜವಲ್ಲ.

ಒಂದು ವಾರದ ನಂತರ ಗೋಡೆ ಹತ್ತಿಸುವುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ, ತಲುಪಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಅಲ್ಲಿ ಹತ್ತು ಸೆಕೆಂಡು ನಿಂತು, ಬೆರಳುಗಳನ್ನು ನಡೆಸುತ್ತಲೇ ಇಳಿಸಿ, ಕೈಯನ್ನು ಧೊಪ್ಪನೆ ಬಿಡಬೇಡಿ. ಗೆರೆಗಳು ಮೇಲೇರುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಎರಡು ವಾರ ಒಂದೇ ಕಡೆ ನಿಂತಿದ್ದರೆ ವೈದ್ಯರಿಗೆ ತೋರಿಸಿ.

ಎಷ್ಟು ನೋವು ಸರಿ? ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರು ನಾಲ್ಕರವರೆಗಿನ ಎಳೆತ ಸರಿ, ಅದು ಒಂದು ಗಂಟೆಯೊಳಗೆ ಇಳಿಯಬೇಕು. ಆ ರಾತ್ರಿ ನೋವು ಹೆಚ್ಚಿದರೆ ಮರುದಿನ ಎಣಿಕೆಯನ್ನು ಅರ್ಧ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ರಬ್ಬರ್ ಪಟ್ಟಿ, ಡಂಬೆಲ್ ಇತ್ಯಾದಿ ಬಲದ ವ್ಯಾಯಾಮ ಕೈ ಹೆಚ್ಚುಕಡಿಮೆ ಪೂರ್ತಿ ಮೇಲೇರಿದ ನಂತರವೇ.

ವೈದ್ಯರ ಹತ್ತಿರ

ಹತ್ತು ಹದಿನಾಲ್ಕು ದಿನದಲ್ಲಿ ಗಣನೀಯವಾಗಿ ಕಡಿಮೆಯಾಗದಿದ್ದರೆ ಮೂಳೆ ತಜ್ಞರನ್ನು ಕಾಣಿ. ಮಾತು ಹೀಗಿರಲಿ: ‘ಇಂಥ ದಿನ ಎಡ ಭುಜಕ್ಕೆ ಫ್ಲೂ ಲಸಿಕೆ ಹಾಕಿಸಿಕೊಂಡೆ. ಅದಕ್ಕೆ ಮೊದಲು ಈ ಭುಜದಲ್ಲಿ ನೋವಿರಲಿಲ್ಲ. ಇಷ್ಟು ಗಂಟೆಯಲ್ಲಿ ನೋವು ಶುರುವಾಯಿತು. ಕೈ ಇಷ್ಟೇ ಏಳುತ್ತದೆ.’ ಟೇಪು ಹಿಡಿದ ಫೋಟೊ ತೋರಿಸಿ. ಸಿರ್ವಾ ಎಂಬ ಪದ ಎಲ್ಲ ವೈದ್ಯರಿಗೂ ಪರಿಚಿತವಲ್ಲ, ಹಾಗಾಗಿ ಲಸಿಕೆಗೂ ನೋವಿಗೂ ನಡುವಿನ ಹೊತ್ತನ್ನು ಸ್ಪಷ್ಟವಾಗಿ ಹೇಳುವುದು ನಿಮ್ಮ ಹೊಣೆ.

ಎಕ್ಸ್‌ರೇಯಲ್ಲಿ ಬರ್ಸಾ ಕಾಣುವುದಿಲ್ಲ. ರಜ್ಜುವಿನಲ್ಲಿ ಸುಣ್ಣ ಕಟ್ಟಿದೆಯೇ, ಕೀಲು ಸವೆದಿದೆಯೇ ಎಂದು ತಿಳಿಯಲು ಅದು ಬೇಕು. ಬರ್ಸಾದಲ್ಲಿ ನೀರು ತುಂಬಿರುವುದು, ರಜ್ಜು ಊದಿರುವುದು ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ, ಖರ್ಚೂ ಕಡಿಮೆ. ಕೈ ಬಲ ಕುಂದಿದ್ದರೆ ಅಥವಾ ಆರು ವಾರದಲ್ಲೂ ಸುಧಾರಿಸದಿದ್ದರೆ ಎಮ್‌ಆರ್‌ಐ ಮಾಡಿಸುವುದು ಸರಿ. 40 ದಾಟಿದವರ ಎಮ್‌ಆರ್‌ಐಯಲ್ಲಿ ವಯಸ್ಸಿಗೆ ತಕ್ಕ ಸಣ್ಣಪುಟ್ಟ ಸವೆತ ಕಾಣುವುದು ಸಾಮಾನ್ಯ. ವರದಿಯಲ್ಲಿ ಆ ಪದಗಳನ್ನು ಓದಿ ಗಾಬರಿಯಾಗಬೇಡಿ, ಆಪರೇಷನ್‌ಗೆ ಆತುರಪಡಬೇಡಿ.

ಮಾತ್ರೆ, ವ್ಯಾಯಾಮದಿಂದ ಬಗ್ಗದ ಬರ್ಸಾ ಉರಿಯೂತಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟರೆ ಔಷಧ ಬರ್ಸಾಕ್ಕೇ ತಲುಪುತ್ತದೆ ಎಂಬ ಭರವಸೆ ಇರುತ್ತದೆ. ಹಲವರಿಗೆ ಇದರಿಂದ ರಾತ್ರಿ ನೋವು ಬೇಗ ಇಳಿಯುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಂಡರಷ್ಟೇ ಲಾಭ. ಶುಗರ್ ಇರುವವರಿಗೆ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಮಟ್ಟ ಏರುತ್ತದೆ, ಒಂದು ವಾರ ಮನೆಯಲ್ಲಿ ದಿನವೂ ನೋಡಿಕೊಳ್ಳಿ, ಇನ್ಸುಲಿನ್ ಬಳಸುವವರು ಮೊದಲೇ ವೈದ್ಯರ ಜೊತೆ ಮಾತಾಡಿಕೊಳ್ಳಿ.

ಗುಣವಾಗಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ಆರು ತಿಂಗಳಿಂದ ವರ್ಷದವರೆಗೂ ಬೇಕು. ಫ್ರೋಜನ್ ಶೋಲ್ಡರ್ ಆಗಿಬಿಟ್ಟರೆ ಒಂದರಿಂದ ಮೂರು ವರ್ಷ ಎಳೆಯಬಹುದು.

ವರದಿ ಮಾಡುವುದು

ಲಸಿಕೆ ಕೊಟ್ಟ ಕ್ಲಿನಿಕ್ಕಿಗೆ ಮೊದಲು ತಿಳಿಸಿ, ಜಗಳಕ್ಕಲ್ಲ, ಮುಂದಿನವರಿಗೆ ಚುಚ್ಚುವ ಕೈ ಸರಿಹೋಗಲಿ ಎಂದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಹೇಳಬಹುದು, ಲಸಿಕೆಯ ನಂತರದ ತೊಂದರೆಗಳು ಅವರಿಂದ ಜಿಲ್ಲಾ ಮಟ್ಟಕ್ಕೆ ಹೋಗುತ್ತವೆ. ನೇರವಾಗಿ ನೀವೇ ತಿಳಿಸುವುದಾದರೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024.

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿಯ ಫಾರ್ಮಸಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರೆ ಅಲ್ಲಿ ಬೇರೆ ದಾರಿಯೇ ಇದೆ. ಅಲ್ಲಿಯ ರಾಷ್ಟ್ರೀಯ ಲಸಿಕೆ ಪರಿಹಾರ ಯೋಜನೆಯ ಪಟ್ಟಿಗೆ 2017ರಲ್ಲಿ ಸಿರ್ವಾ ಸೇರಿತು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಚುಚ್ಚಿದ ಭುಜಕ್ಕಷ್ಟೇ ಸೀಮಿತವಾಗಿರಬೇಕು, ಮೊದಲು ಅಲ್ಲಿ ತೊಂದರೆ ಇದ್ದಿರಬಾರದು, ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಬರೆದಿಟ್ಟ ದಿನಾಂಕ, ಗಂಟೆಗಳು ಅಲ್ಲಿ ಸಾಕ್ಷ್ಯವಾಗುತ್ತವೆ. ಮೊದಲ ತಿಂಗಳಲ್ಲಿ ವೈದ್ಯರ ಬಳಿ ಹೋದ ದಾಖಲೆ ಇಲ್ಲದಿದ್ದರೆ ಎಲ್ಲವೂ ಕಷ್ಟ.

ಮುಂದಿನ ವರ್ಷದ ಲಸಿಕೆ

ಹಾಕಿಸಿಕೊಳ್ಳಿ. ಇದು ಅಲರ್ಜಿಯಲ್ಲ, ಹಾಗಾಗಿ ಇದೊಂದೇ ಕಾರಣಕ್ಕೆ ಫ್ಲೂ ಲಸಿಕೆ ನಿಲ್ಲಿಸಬೇಕಿಲ್ಲ, ವಯಸ್ಸಾದವರು, ಆಸ್ತಮಾ, ಶುಗರ್, ಹೃದ್ರೋಗ ಇರುವವರಂತೂ ನಿಲ್ಲಿಸಲೇಬಾರದು. ಇನ್ನೊಂದು ಕೈಗೆ ಹಾಕಿಸಿಕೊಳ್ಳಿ. ಎರಡೂ ಭುಜ ಆಗದು ಎನ್ನುವಂತಿದ್ದರೆ ತೊಡೆಯ ಹೊರಬದಿಯ ಸ್ನಾಯುವಿಗೂ ಕೊಡಬಹುದು, ವೈದ್ಯರನ್ನು ಕೇಳಿ.

ಬಟ್ಟೆಯ ಕಡೆ ಗಮನವಿರಲಿ. ಬಿಗಿ ತೋಳಿನ ರವಿಕೆ ಮೇಲೆ ಸರಿಯುವುದಿಲ್ಲ, ತುಂಬುತೋಳಿನ ಅಂಗಿಯನ್ನು ಮಡಚಿದರೆ ರಟ್ಟೆಯ ನಡುವೆ ಉಂಡೆಯಾಗಿ ನಿಲ್ಲುತ್ತದೆ. ಆಗ ಕುತ್ತಿಗೆಯ ಕಡೆಯಿಂದ ಬಟ್ಟೆ ಜಗ್ಗಿ ಭುಜದ ತುದಿಯಷ್ಟನ್ನೇ ತೋರಿಸುತ್ತೇವೆ, ಚುಚ್ಚುವವರಿಗೆ ಕಾಣುವುದು ಆ ಮೇಲಿನ ಭಾಗ ಮಾತ್ರ, ಸೂಜಿಯೂ ಅಲ್ಲಿಗೇ ಇಳಿಯುತ್ತದೆ. ತೋಳಿಲ್ಲದ ಅಥವಾ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ, ಇಲ್ಲವೇ ಒಂದು ತೋಳನ್ನು ಪೂರ್ತಿ ಹೊರಗೆ ತೆಗೆಯಿರಿ. ಹೆಂಗಸರು ಪರದೆ ಕೇಳಲು ಹಿಂಜರಿಯಬೇಡಿ.

ಕುಳಿತೇ ಹಾಕಿಸಿಕೊಳ್ಳಿ, ಚುಚ್ಚುವವರೂ ಕುಳಿತರೆ ಒಳ್ಳೆಯದು. ಅವರು ನಿಂತು, ನೀವು ಕುಳಿತಿದ್ದರೆ ಸೂಜಿ ಮೇಲಿಂದ ಬರುತ್ತದೆ, ಜಾಗವೂ ಮೇಲಾಗುತ್ತದೆ, ಕೋನವೂ ತಪ್ಪುತ್ತದೆ. ಕೈಯನ್ನು ಸೊಂಟದ ಮೇಲಿಟ್ಟು ಮೊಣಕೈ ಸ್ವಲ್ಪ ಹೊರಕ್ಕೆ ಬಿಡಿ, ಸ್ನಾಯು ಸಡಿಲವಾಗಿರಲಿ. ‘ಹೋದ ಸಲ ತುಂಬಾ ಮೇಲೆ ಚುಚ್ಚಿ ತೊಂದರೆಯಾಗಿತ್ತು, ಎಲುಬು ಮುಟ್ಟಿ ಅಳೆದು ಹಾಕಿ ಸಿಸ್ಟರ್’ ಎಂದು ಹೇಳಿ. ಬೇಸರಪಟ್ಟುಕೊಳ್ಳುವವರು ಕಡಿಮೆ. ಬೆರಳಿಟ್ಟು ಅಳೆಯದೆ ಸ್ಪಿರಿಟ್ ಹತ್ತಿ ಭುಜದ ತುದಿಗೇ ಬಂದರೆ ಕೈ ಹಿಂದಕ್ಕೆ ತೆಗೆದುಕೊಂಡು ಇನ್ನೊಮ್ಮೆ ಹೇಳಿ.